ಹಾನ್ ವಂಶದ ಕಾಗದ: ಸುಣ್ಣ, ಒನಕೆ, ಜರಡಿ

ಕ್ರಿ.ಪೂ. 206ರಿಂದ ಕ್ರಿ.ಶ. 220ರವರೆಗೆ, ನಡುವಿನ ಕೆಲವು ವರ್ಷ ಬಿಟ್ಟರೆ, ಚೀನಾವನ್ನು ಆಳಿದ್ದು ಹಾನ್ ವಂಶ. ಆ ವಂಶದ ಕೊಡುಗೆ ಎಂದರೆ ರೇಷ್ಮೆ ದಾರಿ, ಅಧಿಕಾರಿಗಳ ಆಡಳಿತ ಎಂದು ಪಟ್ಟಿ ಶುರುವಾಗುತ್ತದೆ. ಇವೆಲ್ಲಕ್ಕಿಂತ ದೂರ ಹೋದದ್ದು ಕಾಗದ. ಅದರಲ್ಲೂ ಕಾಗದ ಮಾಡುವ ವಿಧಾನ.

ಹಾನ್ ಕಚೇರಿಗಳ ಲೆಕ್ಕಪತ್ರವೆಲ್ಲ ಬಿದಿರು, ಮರದ ಪಟ್ಟಿಗಳ ಮೇಲೆ. ಪಟ್ಟಿಯ ಉದ್ದ ಸುಮಾರು 23 ಸೆಂ.ಮೀ., ಅಗಲ ಒಂದು ಸೆಂ.ಮೀ. ಆಸುಪಾಸು; ಹಿಡಿಸುತ್ತಿದ್ದದ್ದು ಮೂವತ್ತು ನಲವತ್ತು ಅಕ್ಷರ. ಗಾಡಿಗಟ್ಟಲೆ ದಫ್ತರ! ರೇಷ್ಮೆ ಬಟ್ಟೆ ಹಗುರ, ಆದರೆ ದುಬಾರಿ. ಅರಮನೆಯ ಕಾರ್ಖಾನೆಗಳ ಮೇಲ್ವಿಚಾರಕನಾಗಿದ್ದ ಕಾಯ್ ಲುನ್ ಕ್ರಿ.ಶ. 105ರಲ್ಲಿ ಚಕ್ರವರ್ತಿಯ ಮುಂದಿಟ್ಟ ಕಾಗದಕ್ಕೆ ಬಳಸಿದ್ದು ಮರದ ತೊಗಟೆ, ಭಂಗಿ ಗಿಡದ ನಾರು, ಚಿಂದಿ ಬಟ್ಟೆ ಮತ್ತು ಹಳೆಯ ಮೀನುಬಲೆ. ಅವನನ್ನೇ ಕಾಗದದ ಜನಕ ಎನ್ನುವುದು ರೂಢಿ, ಆದರೆ ಅದು ಪೂರ್ತಿ ಸರಿಯಲ್ಲ. ಗಾನ್ಸು ಪ್ರಾಂತ್ಯದ ಫಾಂಗ್‌ಮಾತಾನ್‌ನ ಸಮಾಧಿಯೊಂದರಲ್ಲಿ 1986ರಲ್ಲಿ ಸಿಕ್ಕ ಕಾಗದದ ನಕ್ಷೆಯ ಚೂರು ಅವನಿಗಿಂತ ಎರಡು ಶತಮಾನಕ್ಕೂ ಹಳೆಯದು. ಕಾಯ್ ಲುನ್ ಮಾಡಿದ್ದು ಅಗ್ಗದ ಕಚ್ಚಾವಸ್ತು ಹುಡುಕಿ ವಿಧಾನವನ್ನು ಗಟ್ಟಿಗೊಳಿಸಿದ್ದು.

ತೊಗಟೆಯಲ್ಲಿ ನಮಗೆ ಬೇಕಾದದ್ದು ಸೆಲ್ಯುಲೋಸ್ ನಾರು. ಅದನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್ ಮತ್ತು ಪೆಕ್ಟಿನ್. ತೊಗಟೆಯನ್ನು ನೆನೆಸಿ, ಸುಣ್ಣದ ನೀರಿನಲ್ಲೋ ಬೂದಿನೀರಿನಲ್ಲೋ ಅದ್ದಿ ಬೇಯಿಸಿದರೆ ಆ ಕ್ಷಾರ ಅಂಟನ್ನು ಕರಗಿಸುತ್ತದೆ, ನಾರನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸುತ್ತದೆ. ಬೇಯಿಸುವುದು ಕಡಿಮೆಯಾದರೆ ಹಾಳೆಯಲ್ಲಿ ಕಂದು ಸಿಬಿರುಗಳು ಉಳಿಯುತ್ತವೆ. ಕ್ಷಾರ ತೀರಾ ಹೆಚ್ಚಾದರೆ ನಾರೇ ಸೊರಗುತ್ತದೆ.

ಮುಂದಿನದು ಕುಟ್ಟುವ ಕೆಲಸ. ಕಾಗದದ ಗುಣವೆಲ್ಲ ನಿರ್ಧಾರವಾಗುವುದು ಇಲ್ಲೇ. ಭಂಗಿ ನಾರಿನ ಒಂದೊಂದು ಎಳೆಯೂ ಎರಡು ಸೆಂ.ಮೀ.ವರೆಗೆ ಉದ್ದವಿರಬಹುದು. ಕತ್ತರಿಸದೆ, ಕುಟ್ಟದೆ ನೀರಿಗೆ ಹಾಕಿದರೆ ಸಿಕ್ಕುಸಿಕ್ಕಾಗಿ ಉಂಡೆಗಟ್ಟುತ್ತದೆ. ಒನಕೆಯ ಪೆಟ್ಟು ನಾರನ್ನು ಮೊಟಕು ಮಾಡುವುದಷ್ಟೇ ಅಲ್ಲ, ಬೇವಿನ ಕಡ್ಡಿ ಜಗಿದಾಗ ತುದಿ ಕುಂಚವಾಗುವ ಹಾಗೆ ಮೈಯೆಲ್ಲ ಸೂಕ್ಷ್ಮ ಎಳೆಗಳನ್ನು ಬಿಚ್ಚುತ್ತದೆ. ಹಾಳೆ ಒಣಗುವಾಗ ಈ ಎಳೆಗಳು ಒಂದನ್ನೊಂದು ಒತ್ತಿ, ಅವುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಕಾಗದ ನಿಂತಿರುವುದು ಮುಖ್ಯವಾಗಿ ಇವುಗಳ ಬಲದ ಮೇಲೆ, ಬೇರೆ ಅಂಟು ಬೇಕಿಲ್ಲ. ಒದ್ದೆಯಾದ ಕಾಗದ ಹರಿದುಹೋಗುವುದೂ ಇದೇ ಕಾರಣಕ್ಕೆ: ನೀರಿನ ಅಣುಗಳು ನಡುವೆ ನುಗ್ಗಿ ಬಂಧಗಳನ್ನು ಬಿಡಿಸುತ್ತವೆ. ಕುಟ್ಟಿದ್ದು ಸಾಲದಿದ್ದರೆ ಹಾಳೆ ಮೆತ್ತಗೆ, ರೋಮರೋಮವಾಗಿ ಶಾಯಿ ಹೀರುತ್ತದೆ. ಅತಿಯಾದರೆ ನೀರು ಬೇಗ ಬಸಿಯುವುದಿಲ್ಲ, ಒಣಗಿದ ಹಾಳೆ ಮುದುರಿ ಗರಗರ ಎನ್ನುತ್ತದೆ.

ಕುಟ್ಟಿದ ತಿರುಳನ್ನು ತೊಟ್ಟಿಯಲ್ಲಿ ಕದಡಬೇಕು: ನೂರು ಲೀಟರ್ ನೀರಿಗೆ ಒಣತೂಕದಲ್ಲಿ ಅರ್ಧದಿಂದ ಒಂದು ಕಿಲೋ ನಾರು ಸಾಕು. ಬಟ್ಟೆ ಬಿಗಿದ ಚೌಕಟ್ಟಿನ ಮೇಲೆ ತಿರುಳು ಸುರಿದು ಅದರಲ್ಲೇ ಒಣಗಿಸುವುದು ಹಳೆಯ ಕ್ರಮ. ಹಾಳೆ ಒಣಗುವವರೆಗೂ ಆ ಚೌಕಟ್ಟು ಬೇರೆ ಕೆಲಸಕ್ಕೆ ಸಿಗದು. ಸುರುಳಿ ಸುತ್ತಬಹುದಾದ ಬಿದಿರುಕಡ್ಡಿಯ ಜರಡಿ ಬಂದ ಮೇಲೆ ಅದ್ದಿ, ಎತ್ತಿ, ಹಸಿ ಹಾಳೆಯನ್ನು ಪಕ್ಕದ ರಾಶಿಯ ಮೇಲೆ ಮಗುಚಿ, ಮತ್ತೆ ಅದ್ದಬಹುದು. ಒಂದೇ ಜರಡಿಯಿಂದ ದಿನವಿಡೀ ಕೆಲಸ.

ಇಷ್ಟಾದರೂ ಬಿದಿರುಪಟ್ಟಿ ತಕ್ಷಣ ಮೂಲೆ ಸೇರಲಿಲ್ಲ. ಅಧಿಕೃತ ದಾಖಲೆಗಳಿಗೆ ಪಟ್ಟಿ ಬಿಟ್ಟು ಕಾಗದವನ್ನೇ ಬಳಸಬೇಕೆಂದು ಜಿನ್ ವಂಶದ ಸಿಂಹಾಸನ ಕಿತ್ತುಕೊಂಡ ಸೇನಾನಿ ಹುವಾನ್ ಶ್ವಾನ್ ಆಜ್ಞೆ ಹೊರಡಿಸಿದ್ದು ಕ್ರಿ.ಶ. 404ರಲ್ಲಿ. ಹಾನ್ ವಂಶ ಅಳಿದು ಆಗಲೇ ಸುಮಾರು ಎರಡು ಶತಮಾನ! ಮುಂದೆ ಕಾಗದ ಮಾಡುವ ವಿಧಾನ ತಲುಪಿದ್ದು ಎಂಟನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಸಮರ್‌ಕಂದ್, ಅಲ್ಲಿಂದ ಬಾಗ್ದಾದ್, ಹದಿಮೂರನೆಯ ಶತಮಾನದ ಹೊತ್ತಿಗೆ ಇಟಲಿಯ ಫಾಬ್ರಿಯಾನೋ.

ಇಂದಿನ ಕಾರ್ಖಾನೆಯಲ್ಲೂ ಕ್ರಮ ಅದೇ. ಸುಣ್ಣದ ಬದಲು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್, 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ. ಒನಕೆಯ ಬದಲು ತಿರುಗುವ ತಟ್ಟೆಗಳು. ಜರಡಿಯ ಬದಲು ಓಡುವ ಜಾಲರಿ. ಆ ಜಾಲರಿಗೆ ಬೀಳುವ ತಿರುಳಿನಲ್ಲಿ ಈಗಲೂ 99 ಶೇಕಡಾದಷ್ಟು ನೀರೇ.

ಎಡವಟ್ಟಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಶಾಯಿ ಹರಡದಿರಲೆಂದು ತಿರುಳಿಗೇ ರಾಳ ಮತ್ತು ಅಲ್ಯೂಮಿನಿಯಂ ಸಲ್ಫೇಟ್ ಬೆರೆಸತೊಡಗಿದರು. ಅದರಿಂದ ಹುಟ್ಟುವ ಆಮ್ಲ ಸೆಲ್ಯುಲೋಸ್ ಸರಪಳಿಯನ್ನು ನಿಧಾನವಾಗಿ ತುಂಡರಿಸುತ್ತದೆ. ಜೊತೆಗೆ ಅರೆದ ಮರದ ತಿರುಳಿನಲ್ಲಿ ಲಿಗ್ನಿನ್ ಹಾಗೆಯೇ ಉಳಿದು ಹಾಳೆ ಬಿಸಿಲಿಗೆ ಹಳದಿಯಾಗುತ್ತದೆ. ಚೀನಾದ ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ 868ರ ಮುದ್ರಿತ ಬೌದ್ಧ ಗ್ರಂಥ ವಜ್ರಸೂತ್ರ ಇಂದಿಗೂ ಓದಲು ಸಿಗುತ್ತದೆ. ನೂರು ವರ್ಷದ ಹಿಂದಿನ ಪತ್ರಿಕೆ ಮಡಿಸಿದಲ್ಲೇ ಮುರಿಯುತ್ತದೆ. ಗುಹೆಯ ಒಣ ಹವೆಯ ಪಾಲೂ ಇದರಲ್ಲಿದೆ ಅನ್ನಿ. ಆದರೆ ಸುಣ್ಣದಲ್ಲಿ ಬೆಂದ ನಾರಿನಲ್ಲಿ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್, ಮುಂದೆ ಸೇರುವ ಆಮ್ಲವನ್ನು ತಟಸ್ಥಗೊಳಿಸುತ್ತದೆ. ದೀರ್ಘಕಾಲ ಬಾಳುವ ದಾಖಲೆ ಕಾಗದಕ್ಕೆ ಈಗಿರುವ ಅಂತರರಾಷ್ಟ್ರೀಯ ಐಎಸ್ಒ 9706 ಮಾನದಂಡ ಕೇಳುವುದೂ ಅದನ್ನೇ: ಹಾಳೆಯ ಕ್ಷಾರ ಸಂಗ್ರಹ ಕನಿಷ್ಠ 2 ಶೇಕಡಾ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾಗಿರಬೇಕು.