‘ಫಿಕ್ಸ್ ಆಗಿದೆ’ ಅಂದರೆ ಎಲ್ಲಿ ಆಗಿದೆ?

“ಬಗ್ ಫಿಕ್ಸ್ ಆಗಿದೆ ಸರ್” ಅಂತ ತಂಡದ ಹೊಸ ಹುಡುಗ ಹೇಳಿದ. ಗ್ರಾಹಕರ ಕಡೆ ನೋಡಿದರೆ ತಪ್ಪು ಹಾಗೇ ಇತ್ತು. ಅವನೇನೂ ಸುಳ್ಳು ಹೇಳಿರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಸರಿಹೋಗಿತ್ತು. ನಮ್ಮ ಕೆಲಸದಲ್ಲಿ ಜಗಳ ಜಾಸ್ತಿ ಆಗುವುದು ಇಂಥ ಮಾತುಗಳಿಂದಲೇ.

ಬಗ್ ಇದ್ದದ್ದು ಸಣ್ಣದು. ವೆಬ್ ಪೇಜಿನ ಒಂದು ಪೆಟ್ಟಿಗೆಯಲ್ಲಿ 100 ಅಕ್ಷರದವರೆಗೆ ಬರೆಯಲು ಬಿಡಬೇಕಿತ್ತು. ಕೋಡ್‌ನಲ್ಲಿ ‘100ಕ್ಕಿಂತ ಕಡಿಮೆ ಇದ್ದರೆ’ ಎಂದಿತ್ತು. 99ರವರೆಗೆ ಎಲ್ಲ ಸರಿ, ನೂರನೆಯದಕ್ಕೆ ತಕರಾರು. ಪ್ರೋಗ್ರಾಮ್ ಕ್ರ್ಯಾಶ್ ಆಗಲಿಲ್ಲ, ಎರರ್ ಮೆಸೇಜೂ ಬರಲಿಲ್ಲ. ಬರೆದದ್ದನ್ನು ಅದು ಚಾಚೂ ತಪ್ಪದೆ ಮಾಡಿತು. ನಮಗೆ ಬೇಕಾದದ್ದೇ ಒಂದು, ಬರೆದದ್ದೇ ಇನ್ನೊಂದು. ಅದೇ ಬಗ್. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಎಂಬ ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಪತಂಗ ಸಿಕ್ಕಿದ್ದು, ಅದನ್ನು ಲಾಗ್‌ಬುಕ್‌ಗೆ ಅಂಟಿಸಿದ್ದು ನಿಜ. ಆದರೆ ಹುಳ ಎಂಬ ಅರ್ಥದ ‘ಬಗ್’ ಪದ ದೋಷಕ್ಕೆ ಅಂಟಿಕೊಂಡದ್ದು ಅಲ್ಲಿಂದಲ್ಲ. 1878ರಲ್ಲೇ ಎಡಿಸನ್ ಒಂದು ಪತ್ರದಲ್ಲಿ ಯಂತ್ರದ ದೋಷಕ್ಕೆ ‘ಬಗ್’ ಎಂದಿದ್ದರು.

ಈಗ ಹುಡುಗನ ಫಿಕ್ಸ್ ಎಲ್ಲಿ ನಿಂತಿತ್ತು ನೋಡೋಣ. ಟೈಪ್ ಮಾಡಿದಾಗ ಅದು ರ‍್ಯಾಮ್‌ನಲ್ಲಿತ್ತು. ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಲ್ಲಿ. ಕರೆಂಟ್ ಹೋದರೆ ರ‍್ಯಾಮ್ ಖಾಲಿ. ಸೇವ್ ಮಾಡಿದ, ಡಿಸ್ಕ್‌ಗೆ ಹೋಯಿತು. ಆಮೇಲೆ ಕಮಿಟ್ ಮಾಡಿದ. ಕಮಿಟ್ ಅಂದರೆ ಆ ಹೊತ್ತಿಗೆ ಕೋಡ್ ಹೇಗಿತ್ತೋ ಹಾಗೆ ತೆಗೆದಿಟ್ಟ ದಾಖಲೆ: ಯಾರು, ಯಾವಾಗ, ಯಾಕೆ ಬದಲಿಸಿದರು ಎನ್ನುವುದರ ಸಮೇತ. (ಆ ‘ಯಾಕೆ’ ಇರಬೇಕಾದ ಜಾಗದಲ್ಲಿ ಸುಮ್ನೆ ‘ಬದಲಾವಣೆ’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.)

ಎಡವುವುದು ಇಲ್ಲೇ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕೆಂದು ಶುರುಮಾಡಿದ, ಇಂಥ ದಾಖಲೆಗಳನ್ನು ಇಡುವ ಸಾಫ್ಟ್‌ವೇರ್ ಆದ ಗಿಟ್‌ನಲ್ಲಿ ಕಮಿಟ್ ಆದದ್ದು ನಮ್ಮ ಮಷೀನಿನಲ್ಲೇ ಉಳಿಯುತ್ತದೆ. ಪುಶ್ ಮಾಡಿದರೆ ಮಾತ್ರ ತಂಡದ ರೆಪೊಸಿಟರಿಗೆ, ಅಂದರೆ ಎಲ್ಲರ ಕೋಡ್ ಒಟ್ಟಿಗೆ ಇರುವ ಜಾಗಕ್ಕೆ, ಹೋಗುತ್ತದೆ. ಹುಡುಗ ಪುಶ್ ಮಾಡಿರಲಿಲ್ಲ.

ಮಾಡಿದ. ಮುಂದೆ ಬಿಲ್ಡ್. ನಾವು ಬರೆದ ಸೋರ್ಸ್ ಕೋಡನ್ನು ಓಡುವ ರೂಪಕ್ಕೆ ತರುವ ಕೆಲಸ ಇದು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಾದರೆ ಕಂಪೈಲರ್ ಎಂಬ ಪ್ರೋಗ್ರಾಮ್ ಅದನ್ನು ಪ್ರೊಸೆಸರ್‌ಗೆ ಅರ್ಥವಾಗುವ ಮಷೀನ್ ಕೋಡ್ ಮಾಡುತ್ತದೆ. ನಮ್ಮದು ಜಾವಾಸ್ಕ್ರಿಪ್ಟ್, ಅಲ್ಲಿ ಬಿಲ್ಡ್ ಅಂದರೆ ಹೆಚ್ಚಾಗಿ ಹತ್ತಾರು ಫೈಲುಗಳನ್ನು ಒಟ್ಟುಗೂಡಿಸಿ ಚಿಕ್ಕದು ಮಾಡುವುದು. ಅದನ್ನು ಸರ್ವರ್‌ಗೆ ಹಾಕಿ ಬಳಕೆಗೆ ಬಿಡುವುದು ಡಿಪ್ಲಾಯ್. ಅದೂ ಆಯಿತು.

ಆದರೂ ಗ್ರಾಹಕರಿಗೆ 99ಕ್ಕೇ ನಿಂತಿತು! ಈ ಸಲ ಕಾರಣ ಕ್ಯಾಶ್. ಒಮ್ಮೆ ತರಿಸಿದ ಫೈಲನ್ನು ಬ್ರೌಸರ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ, ಮತ್ತೆ ಮತ್ತೆ ತರಿಸುವುದು ಯಾಕೆ ಅಂತ. ಪೇಜ್ ಬೇಗ ತೆರೆಯುವುದು ಅದರಿಂದಲೇ, ಅಲ್ವಾ? ಆದರೆ ಅವತ್ತು ಅದು ಹಳೆಯ ಫೈಲನ್ನೇ ಓಡಿಸುತ್ತಿತ್ತು. “ಕ್ಯಾಶ್ ಕ್ಲಿಯರ್ ಮಾಡಿ” ಅಂತ ಎಲ್ಲ ಗ್ರಾಹಕರಿಗೂ ಹೇಳುತ್ತಾ ಕೂರಲಾಗುವುದಿಲ್ಲ. ಫೈಲಿನ ಹೆಸರಿಗೇ ವರ್ಷನ್ ನಂಬರ್ ಸೇರಿಸಿ ಮತ್ತೆ ಡಿಪ್ಲಾಯ್ ಮಾಡಿದೆವು. ಹೊಸ ಹೆಸರಿನ ಫೈಲ್ ಬ್ರೌಸರ್ ಹತ್ತಿರ ಇರಲಿಲ್ಲ, ಸರ್ವರ್‌ನಿಂದ ತರಿಸಿಕೊಂಡಿತು. ನೂರನೆಯ ಅಕ್ಷರ ಒಳಗೆ ಹೋಯಿತು.