ಕೆರೆಯ ನೀರಿಗಿಂತ ಕೆರೆಯ ಹೂಳನ್ನು ಏಕೆ ನೋಡಬೇಕು: ಭಾರ ಲೋಹಗಳ ಕುರಿತ ಟಿಪ್ಪಣಿ

ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಿಂದ ಹರಿದುಬರುವ ಹಳ್ಳದ ಕೆನ್ನೀರನ್ನು ಕಂಡವರು ಭಾರ ಲೋಹದ ಮಾಲಿನ್ಯವೆಂದರೆ ಇದೇ ಎಂದುಕೊಳ್ಳುವುದು ಸಹಜ. ಆ ಕೆಂಪು ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣಗಳದ್ದು. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ವಿಷವಾಗುವಷ್ಟು ಕರಗಿದ್ದರೂ ನೀರು ತಿಳಿಯಾಗಿಯೇ ಕಾಣಬಹುದು. (ಆರ್ಸೆನಿಕ್ ರಸಾಯನಶಾಸ್ತ್ರದಲ್ಲಿ ಲೋಹಾಭ, ಅಂದರೆ ಲೋಹಕ್ಕೂ ಅಲೋಹಕ್ಕೂ ನಡುವಿನದು, ವಿಷಗುಣದಿಂದಾಗಿ ಈ ಪಟ್ಟಿಗೆ ಸೇರಿದೆ.) ಕುಡಿಯುವ ನೀರಿಗಾಗಿ ಇರುವ ಭಾರತೀಯ ಮಾನಕ ಐಎಸ್ 10500ರಂತೆ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ ಮೀರಬಾರದು.

ಮೂಲಗಳು ನಮ್ಮ ಸುತ್ತಲೇ ಇವೆ. ಹಟ್ಟಿಯ ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಇರುವ ಆರ್ಸೆನೋಪೈರೈಟ್ ಖನಿಜವೂ ಸಿಗುತ್ತದೆ. ಕಲ್ಲಿದ್ದಲು ಉರಿದಾಗ ಅದರಲ್ಲಿದ್ದ ಲೋಹಾಂಶದ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ.

ಪರೀಕ್ಷೆಗೆ ಓದುವವರು ಇಲ್ಲಿ ನಿಧಾನಿಸಬೇಕು. ಸಾವಯವ ಕೊಳೆ ಸೂಕ್ಷ್ಮಜೀವಿಗಳಿಂದ ಒಡೆದು ಇಲ್ಲವಾಗುತ್ತದೆ, ಲೋಹ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನೀರಿಗೆ ಬಂದ ಲೋಹದ ದೊಡ್ಡ ಪಾಲು ಜೇಡಿಯ ಕಣಗಳಿಗೂ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡುಗಳಿಗೂ ಅಂಟಿಕೊಂಡು ತಳದ ಹೂಳನ್ನು ಸೇರುವುದರಿಂದ, ಮೇಲಿನ ನೀರಿನ ಒಂದು ಬಾಟಲಿಯನ್ನಷ್ಟೇ ಪರೀಕ್ಷಿಸಿ ಕೆರೆ ಶುದ್ಧವಾಗಿದೆ ಎನ್ನುವುದು ಅವಸರದ ತೀರ್ಮಾನ. ತಳದಲ್ಲಿ ಆಮ್ಲಜನಕ ಮುಗಿದಾಗ ಆ ಕಬ್ಬಿಣದ ಆಕ್ಸೈಡುಗಳು ಅಪಕರ್ಷಣಗೊಂಡು (ಅವುಗಳ ಕಬ್ಬಿಣ ಇಲೆಕ್ಟ್ರಾನ್ ಪಡೆದು) ಕರಗುತ್ತವೆ, ಅವುಗಳಿಗೆ ಅಂಟಿದ್ದ ಆರ್ಸೆನಿಕ್ ಮತ್ತೆ ನೀರಿಗೆ ಬರುತ್ತದೆ. ಪಾದರಸದ ದಾರಿ ಬೇರೆ: ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದಂತೆಲ್ಲ ಸಾಂದ್ರವಾಗುತ್ತದೆ.

ಮಾದರಿ ತರುವಾಗ ಆಗುವ ತಪ್ಪೂ ಇಂಥದ್ದೇ. ಬಾಟಲಿಯ ನೀರನ್ನು ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿ, ವರದಿಯಲ್ಲಿ ಅಂಕಿ ಕಡಿಮೆ ಕಾಣಬಹುದು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೊಬ್ಬರವೆಂದು ಹೂಳನ್ನು ಹೊಲಕ್ಕೆ ಹೇರುವ ರೂಢಿ ನಮ್ಮಲ್ಲಿದೆ. ಒಳ್ಳೆಯ ರೂಢಿಯೇ, ಆದರೆ ಗಣಿ ಅಥವಾ ಕಾರ್ಖಾನೆಯ ಕೆಳಗಿನ ಕೆರೆಯಾದರೆ ಮೊದಲು ಹೂಳನ್ನು ಪರೀಕ್ಷಿಸಬೇಕು. ಸಿಂಧನೂರಿನಂಥ ಭತ್ತದ ಸೀಮೆಯ ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬಹುದು: ನೀರು ನಿಂತ ಗದ್ದೆಯ ಮಣ್ಣಲ್ಲೂ ಆಮ್ಲಜನಕ ಮುಗಿಯುವುದರಿಂದ ಅದೂ ರಸಾಯನಶಾಸ್ತ್ರಕ್ಕೆ ಕೆರೆಯ ತಳವೇ. ಅಲ್ಲಿ ಭತ್ತದ ಬೇರಿಗೆ ಆರ್ಸೆನಿಕ್ ಹೆಚ್ಚು ದಕ್ಕುತ್ತದೆ. ಗದ್ದೆ ಒಣಗಿಸಿದರೆ ಆರ್ಸೆನಿಕ್ ಇಳಿದು ಕ್ಯಾಡ್ಮಿಯಂ ಏರುತ್ತದೆ.