ಜೋಳದ ರೊಟ್ಟಿಗೆ ಕಾಳು ಪಲ್ಯವೇ ಯಾಕೆ?

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೂ ಎಳೆದಷ್ಟು ಹಿಗ್ಗುವ ಕಣಕವಾಗುತ್ತದೆ. ಜೋಳದ ಹಿಟ್ಟು ಹಾಗಲ್ಲ, ಬಡಿಯುವಾಗಲೇ ರೊಟ್ಟಿಯ ಅಂಚು ಬಿರಿಯುತ್ತದೆ. ಅದಕ್ಕೇ ಧಾರವಾಡ, ಗದಗ ಕಡೆ ಕುದಿಯುವ ಎಸರು ಹಾಕಿ ನಾದುತ್ತಾರೆ. ಗೋಧಿಯ ಪ್ರೋಟೀನುಗಳು ನೀರು ಹೀರಿ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್ ನೀರಿಗೆ ಒಗ್ಗುವುದಿಲ್ಲ. ಹಾಗಾಗಿ ಬಿಸಿನೀರಿಗೆ ಅಂಟಾಗುವ ಪಿಷ್ಟವೇ ಹಿಟ್ಟನ್ನು ಹಿಡಿದಿಡಬೇಕು.

ಕಾಫಿರಿನ್‌ನ ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಅದರಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ತೀರಾ ಕಡಿಮೆ.

ನಮ್ಮ ಪ್ರೋಟೀನುಗಳೆಲ್ಲ ಸುಮಾರು 20 ಬಗೆಯ ಅಮೈನೊ ಆಮ್ಲಗಳಿಂದ ಆದವು. ಪ್ರತಿಯೊಂದರ ನಡುವೆ ಒಂದು ಇಂಗಾಲ, ಅದಕ್ಕೆ ಅಂಟಿಕೊಂಡು ಸಾರಜನಕವಿರುವ ಅಮೈನೊ ಗುಂಪು, ಆಮ್ಲಗುಣದ ಕಾರ್ಬಾಕ್ಸಿಲ್ ಗುಂಪು, ಒಂದು ಜಲಜನಕ. ನಾಲ್ಕನೆಯದಾಗಿ ಪಾರ್ಶ್ವ ಸರಪಳಿ. ಒಂದನ್ನು ಇನ್ನೊಂದರಿಂದ ಬೇರೆಯಾಗಿಸುವುದು ಈ ನಾಲ್ಕನೆಯದೇ. ಗ್ಲೈಸಿನ್‌ನಲ್ಲಿ ಅದು ಬರೀ ಒಂದು ಜಲಜನಕ. ಲೈಸಿನ್‌ನಲ್ಲಿ ನಾಲ್ಕು ಇಂಗಾಲಗಳ ಉದ್ದನೆಯ ಬಾಲ, ಅದರ ತುದಿಗೆ ಮತ್ತೊಂದು ಅಮೈನೊ ಗುಂಪು. ಒಂದರ ಕಾರ್ಬಾಕ್ಸಿಲ್ ಮತ್ತೊಂದರ ಅಮೈನೊಗೆ ಕೂಡುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಅದು ಪೆಪ್ಟೈಡ್ ಬಂಧ. ಉಂಡದ್ದು ಜೀರ್ಣವಾಗುವಾಗ ಅದೇ ಬಂಧಕ್ಕೆ ನೀರು ಮರಳಿ ಸೇರಿ ಸರಪಳಿ ಕಡಿಯುತ್ತದೆ.

ಈ 20ರಲ್ಲಿ 9ನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಲೈಸಿನ್ ಆ ಒಂಬತ್ತರಲ್ಲಿದೆ. ಜೀವಕೋಶ ಪ್ರೋಟೀನು ಕಟ್ಟುವಾಗ ಲೈಸಿನ್ ಬರಬೇಕಾದ ಜಾಗಕ್ಕೆ ಬೇರೆಯದನ್ನು ಕೂರಿಸುವುದಿಲ್ಲ, ಕೆಲಸ ಅಲ್ಲಿಗೇ ಕುಂಟುತ್ತದೆ. ಉಳಿದ ಅಮೈನೊ ಆಮ್ಲಗಳನ್ನು ಮುಂದಕ್ಕೆಂದು ಕೂಡಿಡುವ ವ್ಯವಸ್ಥೆಯೂ ದೇಹಕ್ಕಿಲ್ಲ. ಅವು ಒಡೆದು, ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಬರೀ ರೊಟ್ಟಿ ಎಷ್ಟು ತಿಂದರೂ ಅದರ ಪ್ರೋಟೀನು ಪೂರ್ತಿ ದಕ್ಕದಿರುವುದು ಹೀಗೆ.

ಮಡಕಿ, ಹೆಸರು, ಅಲಸಂದಿ, ಕಡಲೆಯಂಥ ಕಾಳುಗಳಲ್ಲಿ ಲೈಸಿನ್ ಧಾರಾಳ. ಕೊರತೆಯಿರುವುದು ಗಂಧಕವುಳ್ಳ ಮೆಥಿಯೊನಿನ್‌ನದು. ಆ ಕೊರತೆಯನ್ನು ಜೋಳ ತುಂಬಿಕೊಡುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಇರಲೇಬೇಕೆಂದಿಲ್ಲ, ಆ ದಿನದ ಊಟದಲ್ಲಿದ್ದರೆ ಸಾಕು. ಝುಣಕ ಮಾಡಿದರೂ ಆಯಿತು, ಅದು ಕಡಲೆ ಹಿಟ್ಟೇ.

ಆದರೆ ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿ ಪುಡಿಯನ್ನು, ಕಾಳಿನ ಲೆಕ್ಕಕ್ಕೆ ಹಿಡಿಯಬೇಡಿ. ಶೇಂಗಾದಲ್ಲಿ ಪ್ರೋಟೀನು ಭರಪೂರ ಇದ್ದರೂ ಲೈಸಿನ್ ಕಡಿಮೆಯೇ. ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಂಡರೆ ಮಾತು ಬೇರೆ: 1889ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಡ್ರೆಕ್ಸೆಲ್ ಲೈಸಿನ್ ಅನ್ನು ಮೊದಲು ಬೇರ್ಪಡಿಸಿದ್ದೇ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನಿಂದ.